ಅವನನ್ನು ಕಳಿಸಿಕೊಡುವ ಮಾತು

"ಭಾಯ್ ಸಾಬ್, ಹಟಿಯೇ!" ಪಕ್ಕಕ್ಕೆ ಸರಿಯಿರೆಂದು ದೀಕ್ಷಿತಾ ಕೂಗಿದಳು.

ಅರಬರ ನಾಡಿನ ಸಲಾಲಾ ವಿಮಾನ ನಿಲ್ದಾಣದ ಹೊರಗೆ ಸೋನೆ ಹನಿಯುತ್ತಿತ್ತು. ಎಲ್ಲರೂ ಕಾರುಗಳತ್ತ ಓಡುತ್ತಿದ್ದರೆ, ದಾರಿಯ ನಟ್ಟನಡುವೆ ಒಬ್ಬ ಮುಖವನ್ನು ಆಕಾಶಕ್ಕೆ ಒಡ್ಡಿ, ಕಣ್ಣು ಮುಚ್ಚಿ ನಿಂತಿದ್ದ!

"ಎಂಥ ಹುಚ್ಚನಪ್ಪ ಇವ..." ದೀಕ್ಷಿತಾ ಗೊಣಗಿದಳು.

"ಹುಚ್ಚಲ್ರಿ," ಅವನು ಕಣ್ಣು ತೆರೆಯದೆಯೇ ಕನ್ನಡದಲ್ಲಿ ಹೇಳಿದ. "ಮೈಮ್ಯಾಲೆ ಮಳಿ ಬಿದ್ದು ವರ್ಷಾತು. ಇನ್ನೊಂಚೂರು ನಿಂದರ್ತೀನಿ, ಬೈಬ್ಯಾಡ್ರಿ."

ಅವಳು ನಾಲಿಗೆ ಕಚ್ಚಿಕೊಂಡಳು. ಅವನು ಕಣ್ಣು ತೆರೆದು, ಅವಳ ಕೈಯಲ್ಲಿದ್ದ ಬೋರ್ಡು ನೋಡಿ ನಕ್ಕ.

"ಅದರಾಗಿನ ಬಸವಂತ ನಾನ ರೀ."

ಕೆನ್ನೆಯಿಂದ ಕುತ್ತಿಗೆಗೆ ಇಳಿದ ಗಾಯದ ಗುರುತು. ಹನಿಗಳು ಅದರ ಮೇಲೆಯೇ ಜಾರುತ್ತಿದ್ದವು. ಅಯ್ಯೋ, ನಾನ್ಯಾಕೆ ಅದನ್ನೇ ನೋಡ್ತಾ ಇದ್ದೇನೆ!

ಕಾಪುವಿನ ದೀಕ್ಷಿತಾ ಸಲಾಲಾದ ಪರಿಹಾರ ಸಂಸ್ಥೆಯೊಂದರ ಆಫೀಸಿನಲ್ಲಿದ್ದಳು. ಬಾಗಲಕೋಟೆ ಕಡೆಯ ಬಸವಂತ ಅದೇ ಸಂಸ್ಥೆಯ ನೀರಿನ ಎಂಜಿನಿಯರ್. ಕಡಲಾಚೆಯ ಮರ್ಸಾ ಎಂಬ ಊರಲ್ಲಿ, ಯುದ್ಧ ಮುಗಿದ ಮೇಲೆ, ಒಡೆದ ಪೈಪುಗಳನ್ನು ಜೋಡಿಸುತ್ತಿದ್ದ. ಹಣ ಮುಗಿದು ಕೆಲಸ ನಿಂತಿತು. ಊರನ್ನು ಹಿಡಿದು ಕೂತಿದ್ದ ಪರದೇಶದ ಸೈನ್ಯ ಮಾತ್ರ ಅಲ್ಲೇ ಇತ್ತು.

ಈಗ ಆ ಪರದೇಶದ ಸಂಸದರ ತಂಡವೊಂದು ಸಲಾಲಾಕ್ಕೆ ಬರುವುದಿತ್ತು. ಮುಂದಿನ ಹಣ ಸೈನ್ಯಕ್ಕೋ, ಊರು ಕಟ್ಟುವುದಕ್ಕೋ? ಬಸವಂತ ಅವರೆದುರು ಮಾತಾಡಬೇಕು. ಅದನ್ನು ಇಂಗ್ಲಿಷಿಗೆ ತರುವ ಕೆಲಸ ದೀಕ್ಷಿತಾಳದ್ದು.

ಸಂಜೆಯಾದರೆ ರಸ್ತೆ ಬದಿಯ ಎಳನೀರಿನ ಅಂಗಡಿಯಲ್ಲಿ ಅವರ ಅಭ್ಯಾಸ ನಡೆಯುತ್ತಿತ್ತು.

"'ಆನರಬಲ್ ಮೆಂಬರ್ಸ್' ಅಂತ ಶುರು ಮಾಡಿ."

"ನನ್ನ ನಾಲಿಗಿ ಹೊಳ್ಳಂಗಿಲ್ರಿ. ನಮಸ್ಕಾರ ಅಂದ್ರ ಏನಾಕ್ಕೈತಿ?"

"ಎಂತ ಆಗುದಿಲ್ಲ ಮಾರಾಯ್ರೆ, ಯೋಗ ಟೀಚರ್ ಅಂದ್ಕೊಳ್ತಾರೆ ಅಷ್ಟೆ!"

ಅವನು ನಗುವಾಗ ಆ ಗಾಯವೂ ನಗುತ್ತಿತ್ತು. ಅವಳಿಗೆ ಸಂಜೆಗಳು ಸಾಲದಾದವು...

"ಹಣ ಸಿಕ್ರೆ ಎಂತ ಮಾಡ್ತೀರಿ?" ಒಂದು ದಿನ ಕೇಳಿದಳು.

"ಮೊದಲನೇ ಹಡಗಿಗೇ ವಾಪಸ್ ಹೋಗ್ತೀನಿ. ಬೀಬಿ ಕಾಯಾಕತ್ತಾಳ." ಬೀಬಿ ಮರ್ಸಾದ ಮುದುಕಿ. ಪೈಪಿಗೆ ಅಗೆಯುವಾಗ ನೆಲಬಾಂಬು ಸಿಡಿದ ದಿನ, ತನ್ನ ದುಪಟ್ಟಾ ಹರಿದು ಅವನ ಕುತ್ತಿಗೆಗೆ ಕಟ್ಟಿದವಳು.

"ಅಲ್ಲಿ ಬಾಂಬುಗಳು ಇನ್ನೂ ಉಂಟಾ?"

"ಅದಾವ್ರಿ." ಅಕ್ಕಿಯಲ್ಲಿ ಕಲ್ಲಿದೆ ಎನ್ನುವಷ್ಟು ಸಲೀಸಾಗಿ ಹೇಳಿದ.

ಅವಳು ಎಳನೀರನ್ನು ಕುಡಿಯದೆ ಪಕ್ಕಕ್ಕಿಟ್ಟಳು.

ಸಂಸದರು ಬಂದ ದಿನ ನಾಲ್ಕು ಗಂಟೆಯ ಸಭೆ ಎರಡಕ್ಕೆ ಬಂತು. ಬಸವಂತನಿಗೆ ತಿಳಿಸು ಎಂದರು ಆಫೀಸಿನವರು. ದೀಕ್ಷಿತಾ ಫೋನ್ ತೆಗೆದಳು. ಅವನ ಹೆಸರಿನ ಮೇಲೆ ಬೆರಳಿಟ್ಟಳು...

ಒತ್ತಲಿಲ್ಲ.

ಅಜ್ಜಿಯ ಕತೆಯಲ್ಲಿ ಒಬ್ಬಳು ರಾಜಕುಮಾರ ಹೊರಡಬಾರದೆಂದು ಅವನ ಕುದುರೆಯನ್ನೇ ಬಚ್ಚಿಡುತ್ತಾಳೆ. ಅವಳನ್ನು ಯಾರೂ ಬೈಯುವುದಿಲ್ಲ. ಅವನಿಗಾಗಿ ಕಾಯುತ್ತಿದ್ದ ಊರು ಏನಾಯಿತು ಎಂದು ಅಜ್ಜಿ ಹೇಳಲಿಲ್ಲ, ದೀಕ್ಷಿತಾಳೂ ಕೇಳಿರಲಿಲ್ಲ.

"ಎಂಜಿನಿಯರ್ ಎಲ್ಲಿ?" ತಂಡದ ಮುಖ್ಯಸ್ಥೆ ಉರ್ಸುಲಾ ಕೇಳಿದಳು.

"ಅವರಿಗೆ... ಬರಲಾಗಲಿಲ್ಲ."

ಜೆಫ್ರಿ ಎಂಬ ಸಂಸದ ಸೈನ್ಯದ ಪರವಾಗಿ ಬಹಳ ಹೊತ್ತು ಮಾತಾಡಿದ. ಎದುರಾಡುವವರು ಯಾರೂ ಇರಲಿಲ್ಲ.

ನಾಲ್ಕಕ್ಕೆ ಬಸವಂತ ಬಂದ. ಇಸ್ತ್ರಿ ಮಾಡಿದ ಅಂಗಿ, ಹಿಂದಕ್ಕೆ ಬಾಚಿದ ಒದ್ದೆ ಕೂದಲು. ಬರಿದಾದ ಕುರ್ಚಿಗಳನ್ನು ನೋಡಿ ನಿಂತ.

"ಖಲಾಸ್, ಮುಗೀತು," ಎಂದ ಕಪ್ಪು ಎತ್ತುತ್ತಿದ್ದವನು.

"ನನ್ನ ಇಂಗ್ಲಿಷ್ ಸರಿ ಇಲ್ಲಂತ ಬ್ಯಾಡಂದ್ರೇನ್ರಿ?" ಬಸವಂತನ ದನಿ ಕುಗ್ಗಿತ್ತು. "ನಿಮಗ ನಾಚಿಕಿ ಆತೇನು ನನ್ನ ಜೋಡಿ ನಿಂದ್ರಾಕ?"

ಅಯ್ಯೋ ದೇವರೇ... ಹೀಗಂದುಕೊಂಡನೇ!

ಅವನು ಅಲ್ಲೇ ಕೂತು ಮರ್ಸಾಕ್ಕೆ ಫೋನ್ ಮಾಡಿದ. "ಬೀಬಿ, ತಪ್ಪು ನಂದು. ನಾನೇ ತಡ ಮಾಡಿದೆ," ಎಂದ ಅರಬಿಯಲ್ಲಿ. ಅದು ದೀಕ್ಷಿತಾಳಿಗೂ ಬರುತ್ತಿತ್ತು.

ಆ ಕಡೆ ಮುದುಕಿ ನಕ್ಕದ್ದು ಅವಳಿಗೂ ಕೇಳಿಸಿತು. "ಇರಲಿ ಮಗನೇ. ನೀನು ಊಟ ಮಾಡಿದೆಯಾ?"

ನೀರಿಲ್ಲದ ಮನೆಯವಳು ಇವನ ಊಟ ಕೇಳುತ್ತಿದ್ದಾಳೆ... ಮಾಡದ ತಪ್ಪನ್ನು ಇವನು ಹೊತ್ತುಕೊಂಡಿದ್ದಾನೆ...

"ನಾನು!" ಅವಳು ಹೆಚ್ಚುಕಡಿಮೆ ಕಿರುಚಿದಳು. "ನಿಮಗೆ ಹೇಳ್ಲಿಕ್ಕೆ ನನ್ಗೆ ಹೇಳಿದ್ರು. ನಾನೇ ಹೇಳ್ಲಿಲ್ಲ. ಹಣ ಸಿಕ್ರೆ ನೀವು ಹೋಗ್ತೀರಿ ಅಂತ... ಪುನಃ ಬಾಂಬು ಸಿಡಿದ್ರೆ ಅಂತ..."

ಅವನು ಫೋನ್ ಕಿಸೆಗಿಟ್ಟು ಅವಳನ್ನು ದಿಟ್ಟಿಸಿ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಎದ್ದು ಬಾಗಿಲತ್ತ ನಡೆದ.

"ನಿಲ್ಲಿ! ಅವರು ನಾಳೆ ಬೆಳಿಗ್ಗೆ ಹೊರಡುದು. ನಾನು ಕೇಳ್ತೇನೆ. ನೀವು ಬನ್ನಿ ಅಷ್ಟೆ."

ಮರುದಿನ ಹೋಟೆಲಿನ ತಿಂಡಿಯ ಮೇಜಿನ ಬಳಿ ದೀಕ್ಷಿತಾ ಉರ್ಸುಲಾಳ ಮುಂದೆ ನಿಂತಳು. ನಿನ್ನೆ ತಾನು ಸುಳ್ಳು ಹೇಳಿದ್ದನ್ನೂ, ಯಾಕೆ ಹೇಳಿದೆನೆಂಬುದನ್ನೂ ಹೇಳಿದಳು. ಕೆನ್ನೆ ಉರಿಯುತ್ತಿತ್ತು. ಜೆಫ್ರಿ ಹುಬ್ಬೇರಿಸಿದ.

ಉರ್ಸುಲಾ ಚಹಾ ಪಕ್ಕಕ್ಕಿಟ್ಟಳು. "ಕಾರು ಬರುವವರೆಗೆ ಮಾತಾಡಲಿ."

ಬಸವಂತ ಕನ್ನಡದಲ್ಲಿ ಮಾತಾಡಿದ. ದೀಕ್ಷಿತಾ ಇಂಗ್ಲಿಷಿಗೆ ತಂದಳು.

"ನಿಮ್ಮ ಸಿಪಾಯಿಗಳು ಟ್ಯಾಂಕರಿನಾಗ ನೀರು ಕೊಡ್ತಾರ, ಸುಳ್ಳಲ್ಲ. ಬಂದೂಕಿನ ಮುಂದ ಕೊಡ ಹಿಡಕೊಂಡು ನಿಂದರ್ಬೇಕು. ಅಂಜಿ ನಮ್ಮ ಬೀಬಿ ಬರಂಗಿಲ್ಲ, ಬಾವಿಯ ಉಪ್ಪುನೀರ ಕುಡೀತಾಳ. ಸಿಪಾಯಿ ಹ್ವಾದ ದಿನ ಟ್ಯಾಂಕರೂ ಹೊಕ್ಕೈತಿ. ಪೈಪ್ ಹಾಕ್ರಿ, ಯಾರು ಹ್ವಾದ್ರೂ ನೀರು ಇರ್ತೈತಿ. ಸಾಲಿ ಕಟ್ರಿ, ದವಾಖಾನಿ ಕಟ್ರಿ. ಕಾವಲು ಕಾಯೋದಕ್ಕಿಂತ ಅದು ಸೋವಿ."

ಮಾತು ಮಾತೂ ಅವನನ್ನು ತನ್ನಿಂದ ದೂರ ಕಳಿಸುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಇಂಗ್ಲಿಷಿಗೆ ತರುವಾಗ ಮಾತನ್ನು ಮೆತ್ತಗೆ ಮಾಡಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಒಂದನ್ನೂ ಮೆತ್ತಗೆ ಮಾಡಲಿಲ್ಲ.

"ಪೈಪು ಹಾಕುವವರನ್ನು ಕಾಯುವವರು ಯಾರು?" ಜೆಫ್ರಿ ಕೇಳಿದ.

ಬಸವಂತ ಕುತ್ತಿಗೆ ಮುಟ್ಟಿಕೊಂಡ. "ಈ ಗಾಯಕ್ಕ ಬಟ್ಟಿ ಕಟ್ಟಿದ ಊರವರು."

ಜೆಫ್ರಿ ಒಪ್ಪಿದನೆಂದಲ್ಲ. ಆದರೂ ಕೇಳಿದ್ದನ್ನು ಬರೆದುಕೊಂಡ. "ನನ್ನದು ಒಂದೇ ಮತ," ಎಂದಳು ಉರ್ಸುಲಾ ಏಳುತ್ತ. "ಅದು ನಿಮ್ಮ ಊರಿಗೆ."

ಆಮೇಲಿನ ದಿನಗಳಲ್ಲಿ ಬಸವಂತ ಕೆಲಸಕ್ಕಿಂತ ಹೆಚ್ಚಿನ ಒಂದು ಮಾತೂ ಆಡಲಿಲ್ಲ. ಎಳನೀರಿನ ಅಂಗಡಿಯ ಎದುರು ಬಂದರೆ ದೀಕ್ಷಿತಾ ತಲೆ ತಗ್ಗಿಸಿ ದಾಟುತ್ತಿದ್ದಳು. ಸೋನೆ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಸೈನ್ಯ ಪೂರ್ತಿ ಹೊರಡಲಿಲ್ಲ. ಆದರೆ ಅದಕ್ಕೆಂದಿಟ್ಟ ಹಣದಲ್ಲಿ ದೊಡ್ಡ ಪಾಲು ನೀರಿಗೂ ಆಸ್ಪತ್ರೆಗೂ ಬಂದಿತ್ತು.

ಬಂದರಿನ ಗೇಟಿನಲ್ಲಿ ಅವನು ಚೀಲ ಹೊತ್ತು ನಿಂತಿದ್ದ. ಅವಳು ಓಡೋಡಿ ಬಂದಳು.

"ಹೋಗ್ಬೇಡಿ ಅಂತ ಹೇಳ್ಲಿಕ್ಕೆ ಬಂದದ್ದಲ್ಲ," ಎಂದಳು ಏದುಸಿರಿನಲ್ಲಿ. "ಹೋಗಿ... ಅಂತ ಹೇಳ್ಲಿಕ್ಕೆ ಬಂದೆ."

"ನನಗ ಸಿಟ್ಟು ಇನ್ನೂ ಐತಿ."

"ಇರ್ಲಿ. ಇರ್ಬೇಕು."

"ಬೀಬಿಗೆ ಎಲ್ಲಾ ಹೇಳೀನಿ." ಅವನ ತುಟಿಯಂಚಿನಲ್ಲಿ ಏನೋ ಮಿಂಚಿತು. "ಅಂಜಿಕಿ ಇರೋ ಹುಡುಗಿ, ಆದ್ರ ನಿನ್ನ ಮ್ಯಾಲೆ ಜೀವಾ ಇಟ್ಟಾಳಲ್ಲೋ ಅಂತಾಳ. ಹೌದೇನ್ರಿ?"

ಅವಳ ಕಣ್ಣು ತುಂಬಿ ಬಂತು. "ಹೌದು... ಅದನ್ನೂ ಬೇರೆ ಬಿಡಿಸಿ ಹೇಳ್ಬೇಕಾ?"

"ಹೇಳ್ಬೇಕು. ಒಂದ ಸಲ ಮುಚ್ಚಿಟ್ಟು ನೋಡೀರಲ್ಲ."

"ಇಷ್ಟ... ತುಂಬಾ!"

ಅವನು ಮೊದಲ ಸಲ ಅವಳ ಕೈ ಹಿಡಿದ. "ನನಗೂ ರೀ. ಮಳ್ಯಾಗ ಬೈದ ದಿನದಿಂದ. ಕಾಯ್ತೀರೇನ್ರಿ?"

"ಕಾಯ್ಲಿಕ್ಕೆ ಬರುದಿಲ್ಲ ನನ್ಗೆ. ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು..."

"ಕಲೀರಿ ಮತ್ತ."

"ಯಲ್ಲಾ!" ಹೊರಡೋಣ ಎಂದು ಒಳಗಿನಿಂದ ಯಾರೋ ಕೂಗಿದರು.

"ಹೋಗಿ," ಅವಳೇ ಕೈ ಬಿಡಿಸಿಕೊಂಡಳು. "ಅಲ್ಲಿ ಎಲ್ರೂ ಬಾಯಾರಿ ಕೂತಿದ್ದಾರೆ. ಮೊದಲು ಅವ್ರು. ನಾನು ಅವ್ರ ನಂತರ."

ಅವನು ನಾಲ್ಕು ಹೆಜ್ಜೆ ಹೋಗಿ ತಿರುಗಿದ.

"ನಂತರ ಅಲ್ರಿ," ಎಂದ. "ಅವರ ಜೋಡೀನ."