ನಡುವೆ ಖಾಲಿ ಬಿಟ್ಟ ಜಾಗ

"ಬದುವಿನಲ್ಲಿ ನಿಂತವರಿಗೆಲ್ಲ ಕಬಿತೆ ಹೇಳುದಿಲ್ಲ. ಬೇಕಾದರೆ ಗದ್ದೆಗೆ ಇಳೀರಿ."

ಸೇವಂತಿ ತಲೆ ಎತ್ತದೆಯೇ ಹೇಳಿದಳು. ಕೇಳಲು ಬಂದವನು ಪುತ್ತೂರಿನ ಧರ್ಮಪಾಲ. ಬೊಂಬಾಯಿಯಲ್ಲಿ ಕಂಪ್ಯೂಟರ್ ಎಂಬ ಹೊಸ ಯಂತ್ರದ ಕೆಲಸ. ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ಹಾಡುವ ಕಬಿತೆಯ ಯಾವ ಸಾಲು ಯಾವ ಊರಿನಲ್ಲಿ ಹೇಗೆ ತಿರುಗಿದೆಯೆಂದು ಯಂತ್ರದಿಂದ ಹುಡುಕಿಸುವ ಆಸೆ ಅವನಿಗೆ.

ಅವನು ಪ್ಯಾಂಟು ಮಡಚಿ ಇಳಿದು ನೇಜಿ ನೆಡತೊಡಗಿಯೇಬಿಟ್ಟ!

"ಇದೆಂತ ಸಾಲು ಮಾರಾಯ್ರೆ, ಹಾವು ಹೋದ ಹಾಗೆ ಉಂಟು," ಪಕ್ಕದ ಮನೆಯ ತಿಮ್ಮಕ್ಕ ನಕ್ಕರು.

ಸೇವಂತಿ ಹಾಡಿದಳು. "ಆಚೆ ದಡದಿಂದ... ಹ್ಞೂಂ ಹ್ಞೂಂ... ಬಂದ, ಹೊತ್ತು ಕಂತುವ ಮೊದಲೇ ಬಂದ."

"ನಡುವೆ ಎಂತ ಹೇಳಿದಿರಿ?"

"ಅದು ಗಂಡನ ಹೆಸರಿನ ಜಾಗ," ತಿಮ್ಮಕ್ಕ ಹೇಳಿದರು. "ಬೇರೆ ಎಲ್ಲಿಯೂ ನಾವು ಆ ಹೆಸರು ಎತ್ತುದಿಲ್ಲ, ಕಬಿತೆಯಲ್ಲಿ ಮಾತ್ರ. ಇವಳಿಗೆ ಇನ್ನೂ ಮದುವೆ ಆಗ್ಲಿಲ್ಲ."

ನೇಜಿ ಮುಗಿಯುವವರೆಗೂ ಅವನು ದಿನವೂ ಅವಳ ಊರು ಪೆರಾಬೆಗೆ ಬಂದ. ಬದುವಿನ ಮೇಲೆ ಚಪ್ಪಲಿಯ ಸದ್ದಾದರೆ ಸೇವಂತಿಯ ಸ್ವರ ತಾನಾಗಿ ಏರುತ್ತಿತ್ತು.

"ನಿಮ್ಮ ಯಂತ್ರಕ್ಕೆ ಇದೆಲ್ಲ ಗೊತ್ತಾಗ್ತದಾ?"

"ಈಗ ಯಂತ್ರಕ್ಕೆ ಕೆಲಸ ಹೇಳುವ ಭಾಷೆ ಲೆಕ್ಕಕ್ಕೆ ಮಾಡಿದ್ದು, ಹಾಡಿಗೆ ಆಗುದಿಲ್ಲ. ಬೇರೆ ಭಾಷೆ ಹುಡುಕಬೇಕು. ಸಿಕ್ಕಿದ ಕೂಡಲೇ ಬರ್ತೇನೆ."

ಅವನು ಬೊಂಬಾಯಿಗೆ ಹೋದ ಮೇಲೆ ಒಂದು ಕಾರ್ಡು ಕೂಡ ಇಲ್ಲ. ಈ ನಡುವೆ ಸಂಪಾಜೆಯಿಂದ ಸಂಬಂಧ ಬಂತು. ವರ್ಷದ ಎರಡನೇ ಬೆಳೆಯಾದ ಸುಗ್ಗಿಯ ನೇಜಿ ಮುಗಿಯುವಾಗ ಉತ್ತರ ಕೊಡಬೇಕೆಂದು ಅಪ್ಪ ಹೇಳಿದರು.

'ಹಾಡು ಬೇಕಿತ್ತು, ಸಿಕ್ಕಿತು, ಹೋದರು. ಹಾಡಿದವಳು ಯಾರಿಗೆ ಬೇಕು...' ಸೇವಂತಿ 'ಆಗಲಿ' ಎನ್ನಲು ಮನಸ್ಸು ಗಟ್ಟಿ ಮಾಡಿದಳು.

ನೇಜಿಯ ಕೊನೆಯ ದಿನ ಕಡಬದ ಜೀಪು ನಿಂತಿತು. ಬದುವಿನ ಮೇಲೆ ಧರ್ಮಪಾಲ. ಈ ಸಲ ಮುಂಡು ಉಟ್ಟಿದ್ದ.

"ಭಾಷೆ ಸಿಕ್ಕಿತಾ?" ಅವಳ ಸ್ವರ ಗಡುಸಾಗಿತ್ತು.

"ಸಿಕ್ಕಿತು. ಸ್ನೊಬಾಲ್ ಅಂತ."

"ಸೋಡಾದ ಹೆಸರಿನ ಹಾಗೆ ಉಂಟು," ತಿಮ್ಮಕ್ಕ ಅಂದರು.

"ಮೊದಲು ಇದು, ಕೊನೆಗೆ ಅದು, ನಡುವೆ ಎಂತದೂ ಇರಲಿ ಅಂದರೆ ಸಾಕು, ಅಂಥ ಸಾಲೆಲ್ಲ ಹೆಕ್ಕಿ ಕೊಡ್ತದೆ."

"ಒಳ್ಳೆದಾಯ್ತು. ಮತ್ತೆ ಇಲ್ಲಿ ಎಂತ ಕೆಲಸ?"

"ಎಲ್ಲ ಸಾಲಿನ ನಡುವೆಯೂ ಒಂದು ಹೆಸರು ಬಂತು. ನಿಮ್ಮದರಲ್ಲಿ ಮಾತ್ರ ಖಾಲಿ. ಖಾಲಿ ಇದ್ದರೂ ಆ ಭಾಷೆ ಸಾಲನ್ನು ಬಿಡುದಿಲ್ಲ. ನನಗೂ ಬಿಡ್ಲಿಕ್ಕೆ ಆಗ್ಲಿಲ್ಲ."

ಸೇವಂತಿ ಕೈಯ ನೇಜಿ ಕೆಳಗಿಟ್ಟಳು. "ಒಂದು ಕಾಗದ ಹಾಕ್ಲಿಕ್ಕೆ ಎಂತ ಆಗಿತ್ತು?"

"ನಿಮ್ಮ ಹೆಸರಿಗೆ ಕಾಗದ ಬಂದರೆ ನೀವು ಓದುವ ಮೊದಲು ಊರು ಓದ್ತದೆ. ಅದಕ್ಕೇ ನಿಮ್ಮ ಅಪ್ಪನ ಹತ್ತಿರ ಮಾತಾಡಿಯೇ ಬಂದೆ. ಅವಳನ್ನೇ ಕೇಳಿ ಅಂದರು."

ಅವಳು ಬಗ್ಗಿ ಒಂದು ಹಿಡಿ ನೇಜಿ ತೆಗೆದುಕೊಂಡಳು.

"ಆಚೆ ದಡದಿಂದ... ಧರ್ಮಪಾಲ ಬಂದ, ಹೊತ್ತು ಕಂತುವ ಮೊದಲೇ ಬಂದ..."

ಹೆಂಗಸರು ಸೊಲ್ಲು ಎತ್ತಿಕೊಂಡರು. ತಿಮ್ಮಕ್ಕನ ಸ್ವರವೇ ಎಲ್ಲರಿಗಿಂತ ಜೋರು.

ಧರ್ಮಪಾಲ ಮುಂಡು ಎತ್ತಿಕಟ್ಟಿ ಅವಳ ಪಕ್ಕದಲ್ಲಿ ಇಳಿದ.

"ಸಾಲು ಪುನಃ ಓರೆ," ಅವಳು ಮೆಲ್ಲಗೆ ಅಂದಳು.

"ಮರೆತುಹೋಯ್ತು. ಕಲಿಸ್ತೀರಾ?"

"ಕಲಿಸುವ. ಒಂದು ಬೆಳೆಯಲ್ಲಿ ಮುಗಿಯುವ ಕೆಲಸ ಅಲ್ಲ."