ಸೆನೆಟರರ ಬೂಟಿನ ದಾರ

ಅಮೆರಿಕದ ಅಯೋವಾ ರಾಜ್ಯದ ನಮ್ಮೂರ ಗ್ರಂಥಾಲಯದಲ್ಲಿ ದಿವಂಗತ ಸೆನೆಟರ್ ಲಿಂಡ್‌ಕ್ವಿಸ್ಟರ ಫೋಟೊಗಳನ್ನೂ ವ್ಯಂಗ್ಯಚಿತ್ರಗಳನ್ನೂ ಗೋಡೆಗೆ ಹಾಕುತ್ತಿದ್ದೆ. ವ್ಯಂಗ್ಯಚಿತ್ರಗಳಲ್ಲೆಲ್ಲ ಅವರ ಬೂಟಿನ ದಾರ ಬಿಚ್ಚಿಕೊಂಡಿತ್ತು. ಅವರ ಬೂಟುಗಳನ್ನೂ ಹಾಗೆಯೇ ದಾರ ಬಿಚ್ಚಿ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ ಎಳೆದು ನೋಡಿದ್ದೆ.

"ಅಪ್ಪನ್ನ ಹೀಗೆ ಆಡ್ಕೊಂಡೇ ಚುನಾವಣೇಲಿ ಸೋಲಿಸಿದ್ರು. ಈ ವ್ಯಂಗ್ಯಚಿತ್ರಗಳನ್ನ ತೆಗೀರಿ, ಇಲ್ಲಾಂದ್ರೆ ನಾನು ಕೊಟ್ಟ ಫೋಟೊಗಳನ್ನ ವಾಪಸ್ ಕೊಡಿ," ಎಂದರು ಸೆನೆಟರರ ಮಗಳು ಆರ್ಡಿಸ್.

"ಇವನ್ನ ಕೇಳಿ ತರಿಸ್ಕೊಂಡು ಆಫೀಸಲ್ಲಿ ತೂಗುಹಾಕಿದ್ದು ನಿಮ್ಮ ತಂದೆಯವ್ರೇ, ಮೇಡಂ."

ಕೋಣೆ ಇದ್ದಕ್ಕಿದ್ದಂತೆ ತಣ್ಣಗಾಯಿತು. ಮರದ ನೆಲದ ಮೇಲೆ ಹೆಜ್ಜೆಯ ಸದ್ದು, ಅದರ ಹಿಂದೆ ದಾರದ ತುದಿಯ ಟಿಕ್ ಟಿಕ್, ವ್ಯಂಗ್ಯಚಿತ್ರಗಳ ಮುಂದೆ ನಿಧಾನವಾಗಿ ಸಾಗಿತು. ಯಾರೋ ಮೆಲ್ಲಗೆ ನಕ್ಕರು.

ಆರ್ಡಿಸ್ ಕಣ್ಣೊರೆಸಿಕೊಂಡು ತಾವೂ ನಕ್ಕರು. "ದಾರ ಕಟ್ಕೊ ಅಪ್ಪಾ, ಬೀಳ್ತೀಯ!"

ಸದ್ದು ನಿಂತಿತು. ಚಿತ್ರಗಳು ಗೋಡೆಯ ಮೇಲೆಯೇ ಉಳಿದವು.

ಪೆಟ್ಟಿಗೆಯ ಬೀಗ ಹಾಕಿದಂತೆಯೇ ಇತ್ತು; ಕೀಲಿ ನನ್ನ ಕೈಯಲ್ಲಿತ್ತು. ಒಳಗೆ ಎರಡೂ ಬೂಟುಗಳ ದಾರ ಬಿಗಿಯಾಗಿ ಕಟ್ಟಿಕೊಂಡಿತ್ತು.