ಮೂರನೇ ದಿನದ ತರಬೇತಿ

ಊಟ ಮುಗಿಸಿ ಎಲ್ಲರಿಗಿಂತ ಮೊದಲು ತರಬೇತಿ ಕೊಠಡಿಗೆ ಬಂದವನು ಕೇಂದ್ರದ ಗುಮಾಸ್ತ. ಬಾಗಿಲು ತಳ್ಳಿದವನ ಜೀವ ಬಾಯಿಗೆ ಬಂತು. ಮುಖ್ಯ ತರಬೇತುದಾರರಾದ ಮೇಡಂ ಮೇಜಿನ ಪಕ್ಕ ಬಿದ್ದಿದ್ದರು. ತಲೆಯಡಿ ರಕ್ತ ಮಡುಗಟ್ಟಿತ್ತು, ಬಾಗಿಲಿಗೆ ಒತ್ತಾಗಿ ಇಡುವ ಗುಂಡುಕಲ್ಲು ಕಾಲ ಬಳಿ ಉರುಳಿತ್ತು. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಒಂದೇ ಸಾಲು: "ಹೊಸ ಪಠ್ಯಕ್ರಮ ತರುವವರಿಗೆ ಇದೇ ಗತಿ."

ಅವನು ಕೂಗಿ ಕರೆದದ್ದು ವಾರ್ಡನಮ್ಮನನ್ನು. ಇಪ್ಪತ್ತಾರು ವರ್ಷ ಶಾಲೆಯಲ್ಲಿ ಪಾಠ ಮಾಡಿ, ಈಗ ಕೇಂದ್ರದ ಹಾಸ್ಟೆಲ್ ನೋಡಿಕೊಂಡು ಅಲ್ಲೇ ಇದ್ದ ಹೆಂಗಸು. ಕಳುವಾದ ಬೀಗದಕೈಯಿಂದ ಹಿಡಿದು ಸುಳ್ಳು ಜ್ವರದವರೆಗೆ ಅವರ ಕಣ್ಣು ತಪ್ಪಿಸಿದ್ದು ಯಾವುದೂ ಇರಲಿಲ್ಲ. ಗುಮಾಸ್ತನಿಗೆ ಅವರೆಂದರೆ ಭಯ, ಭಕ್ತಿ ಎರಡೂ.

ಮೇಡಂಗೆ ಇನ್ನೂ ಉಸಿರಿತ್ತು. ಆಂಬುಲೆನ್ಸ್ ಹೋದ ಮೇಲೆ ವಾರ್ಡನಮ್ಮ ಬೋರ್ಡಿನ ಮುಂದೆ ನಿಂತರು. ಕೆಳಗಿನ ಹಲಗೆಯಲ್ಲಿ ಒಂದೇ ಒಂದು ಚಾಕ್‌ಪೀಸ್ ಇತ್ತು. ಬೆರಳುದ್ದದ್ದು, ತುದಿ ಮಾತ್ರ ಸ್ವಲ್ಪ ಸವೆದಿತ್ತು.

"ಮೇಜಿನ ಮೇಲೆ ಏನಾದ್ರೂ ಕಡಿಮೆ ಆಗಿದ್ಯೇನೋ?"

"ಫೈಲ್ ಇಲ್ಲಮ್ಮ. ತರಬೇತಿ ಕೊಡೋರ ಅನುಭವದ ಸರ್ಟಿಫಿಕೇಟೆಲ್ಲ ಬೇಕು ಅಂತ ಬೆಳಗ್ಗೆ ಮೇಡಂ ಕೇಳಿದ್ರು. ನಾನೇ ತಂದಿಟ್ಟಿದ್ದೆ."

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಬಂದ, ಬಂದವನೇ ಲೆಕ್ಕದ ಮೇಷ್ಟ್ರ ರಟ್ಟೆ ಹಿಡಿದ. ಹಿಡಿಯದೆ ಏನು ಮಾಡಿಯಾನು? ದೇಶಕ್ಕೆಲ್ಲ ಬರಲಿರುವ ಹೊಸ ಪಠ್ಯಕ್ರಮ ಪರಿಚಯಿಸಲು ನಲವತ್ತು ಶಿಕ್ಷಕರನ್ನು ಐದು ದಿನ ಕರೆಸಿದ್ದರು. ಮೂರು ದಿನವೂ ಎದ್ದುನಿಂತು ಜಗಳ ತೆಗೆದವರು ಈ ಮೇಷ್ಟ್ರೊಬ್ಬರೇ. ಆ ಬೆಳಗ್ಗೆಯಂತೂ "ನಿಮಗೆಲ್ಲ ಯಾರಾದ್ರೂ ಬುದ್ಧಿ ಕಲಿಸ್ಬೇಕು" ಎಂದು ಎಲ್ಲರ ಮುಂದೆ ಕೂಗಾಡಿದ್ದರು. ಊಟಕ್ಕೂ ಹೋಗದೆ ರೂಮಿನಲ್ಲಿ ಒಬ್ಬರೇ ಮಲಗಿದ್ದರಂತೆ, ಕಂಡವರಿಲ್ಲ.

ಗುಮಾಸ್ತನಿಗೆ ಮಗ್ಗಿ ಕಲಿಸಿದವರು ಅದೇ ಮೇಷ್ಟ್ರು. ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಈಗ ಜೀಪು ಹತ್ತಿದರೆ ಕೆಲಸ, ಪಿಂಚಣಿ, ಮರ್ಯಾದೆ ಎಲ್ಲ ನೀರುಪಾಲು.

"ಏನಾದ್ರೂ ಮಾಡಿ ಅಮ್ಮ," ಎಂದ.

ವಾರ್ಡನಮ್ಮ ಇನ್ಸ್‌ಪೆಕ್ಟರನ ಕಿವಿಯಲ್ಲಿ ಏನೋ ಹೇಳಿದರು. ಅರ್ಧ ಗಂಟೆಯಲ್ಲಿ ಎಲ್ಲರೂ ಅದೇ ಕೊಠಡಿಯಲ್ಲಿ ಸೇರಿದರು. ಕಿಟಕಿಗಳೆಲ್ಲ ಮುಚ್ಚಿದ್ದವು, ನೆಲದ ಕಲೆ ಇನ್ನೂ ಒಣಗಿರಲಿಲ್ಲ. ಒಬ್ಬರೂ ಪಕ್ಕದವರ ಮುಖ ನೋಡುತ್ತಿರಲಿಲ್ಲ.

"ಕೈಬರಹ ನೋಡ್ಬೇಕಂತೆ. ಆ ಸಾಲಿನ ಕೆಳಗೆ ಒಬ್ಬೊಬ್ಬರಾಗಿ ಬಂದು ನಾಲ್ಕು ಪದ ಬರೀರಿ," ಎಂದು ವಾರ್ಡನಮ್ಮ ಹೊಸ ಚಾಕ್‌ಪೀಸ್ ಡಬ್ಬಿ ತೆರೆದಿಟ್ಟರು.

ಮೊದಲು ಲೆಕ್ಕದ ಮೇಷ್ಟ್ರು ಬಂದರು. ಚಾಕ್‌ಪೀಸನ್ನು ಟಕ್ಕೆಂದು ಎರಡು ತುಂಡು ಮಾಡಿ ಬರೆದರು. ಆಮೇಲೆ ಬಂದವರೂ ಅಷ್ಟೇ. ಟಕ್, ಟಕ್. ಕೊನೆಗೆ ಕಿರಿಯ ತರಬೇತುದಾರ ಎದ್ದ. ಮೂರು ದಿನವೂ ಪರದೆಯ ಮೇಲೆ ಚಿತ್ರ ಸರಿಸುತ್ತ, ಮಾತುಮಾತಿಗೂ "ನನ್ನ ಹನ್ನೆರಡು ವರ್ಷದ ತರಗತಿ ಅನುಭವದಲ್ಲಿ" ಎನ್ನುತ್ತಿದ್ದವನು. ಇಡೀ ಚಾಕ್‌ಪೀಸನ್ನೇ ಹಿಡಿದು ಬೋರ್ಡಿಗೆ ಒತ್ತಿದ. ಕಿರ್ರೆಂದು ಕಿರುಚಿತು. ನಲವತ್ತು ಮಂದಿಯೂ ಹಲ್ಲು ಕಚ್ಚಿದರು.

"ಸಾಕು ಬಿಡಪ್ಪ," ಎಂದರು ವಾರ್ಡನಮ್ಮ. "ಅಕ್ಷರ ಬದಲಾಯಿಸಿ ಬರೀತೀಯ ಅಂತ ಗೊತ್ತಿತ್ತು. ನಾನು ಅಕ್ಷರ ನೋಡ್ತಾನೇ ಇರಲಿಲ್ಲ. ಇಡೀ ಚಾಕ್‌ಪೀಸ್ ಕಿರುಚುತ್ತೆ ಅಂತ ಕೆಲಸಕ್ಕೆ ಸೇರಿದ ಮೊದಲನೇ ವಾರಾನೇ ಗೊತ್ತಾಗುತ್ತೆ. ಆಮೇಲೆ ಮುರಿಯೋದು ಕೈಗೇ ರೂಢಿ. ಮೇಡಂನ ಹೊಡೆದೋನು ಹಲಗೆಯಲ್ಲಿ ಬಿಟ್ಟುಹೋದ ಚಾಕ್‌ಪೀಸ್ ಮುರಿದಿರಲಿಲ್ಲ. ಅಂದ್ರೆ ಅವನು ಮೇಷ್ಟ್ರೇ ಅಲ್ಲ."

"ಇದೊಂದು ಸಾಕ್ಷೀನಾ?" ಅವನು ನಗಲು ನೋಡಿದ.

"ಇದೊಂದೇ ಆದ್ರೆ ಸಾಲದು. ಪಠ್ಯಕ್ರಮದ ಮೇಲೆ ಸಿಟ್ಟಿರೋರಿಗೆ ತರಬೇತುದಾರರ ಸರ್ಟಿಫಿಕೇಟ್ ಯಾಕೆ ಬೇಕು? ಆ ಫೈಲ್ ಮಾಯ ಆಗ್ಬೇಕಾಗಿದ್ದು ಅದರಲ್ಲಿ ಸುಳ್ಳು ಕಾಗದ ಇಟ್ಟೋನಿಗೆ. ಮೇಡಂಗೆ ಅನುಮಾನ ಬಂದು ಊಟದ ಹೊತ್ತಲ್ಲಿ ನಿನ್ನ ಕರೆಸಿ ಕೇಳಿದ್ರು. ನೀನು ಫೋನ್ ಬಂತು ಅಂತ ಅರ್ಧ ಊಟಕ್ಕೇ ಎದ್ದು ಹೋದದ್ದನ್ನ ಬಡಿಸ್ತಿದ್ದೋರು ನೋಡಿದಾರೆ. ಬೆಳಗ್ಗೆ ಮೇಷ್ಟ್ರು ಕೂಗಾಡಿದ್ದು ನೆನಪಾಗಿ, ಅವರ ತಲೆಗೆ ಕಟ್ಟೋಕೆ ಆ ಸಾಲು ಬರೆದೆ."

ಹಾಸ್ಟೆಲಿಗೆ ಹೋಗಿದ್ದ ಪೇದೆ ಬಂದ. ಕಿರಿಯ ತರಬೇತುದಾರನ ಹಾಸಿಗೆಯಡಿ ಸಿಕ್ಕ ಫೈಲ್ ಅವನ ಕೈಯಲ್ಲಿತ್ತು. ಇನ್ಸ್‌ಪೆಕ್ಟರ್ ಮೇಷ್ಟ್ರ ಪಕ್ಕದಿಂದ ಸರಿದ. ಗುಮಾಸ್ತ ಓಡಿಹೋಗಿ ಅವರನ್ನು ಕುರ್ಚಿಯಲ್ಲಿ ಕೂರಿಸಿದ, ನಾಚಿಕೆಯಿಲ್ಲದೆ ಅತ್ತ.

ಮೇಷ್ಟ್ರು ಮಾತ್ರ ಆ ಹುಡುಗನನ್ನೇ ನೋಡುತ್ತಿದ್ದರು. "ಅಲ್ಲಯ್ಯ, ಪಾಠ ಮಾಡೋ ಆಸೆ ಇದ್ದಿದ್ರೆ ಒಂದು ಶಾಲೆಗೆ ಸೇರ್ಕೋಬಹುದಿತ್ತಲ್ಲ?"

ಅವನು ಕೈಯಲ್ಲಿದ್ದ ಚಾಕ್‌ಪೀಸನ್ನು ಹಲಗೆಯಲ್ಲಿಟ್ಟ. ಆಮೇಲೆ ಮೆಲ್ಲಗೆ ಹೇಳಿದ: "ಮಕ್ಕಳು ಅಂದ್ರೆ ಭಯ, ಸರ್. ಗೊತ್ತಿಲ್ದೆ ಏನಾದ್ರೂ ಹೇಳಿದ್ರೆ ಯಾಕೆ ಅಂತ ಕೇಳ್ತಾರೆ. ಇಲ್ಲಿ ನೀವೊಬ್ರನ್ನ ಬಿಟ್ರೆ ಯಾರೂ ಕೇಳ್ಲಿಲ್ಲ."

ಮೂರು ದಿನ ಅವನು ಹೇಳಿದ್ದನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಂಡಿದ್ದವರು ತಮ್ಮ ನೋಟ್‌ಬುಕ್ಕುಗಳನ್ನು ಒಬ್ಬೊಬ್ಬರಾಗಿ ಮುಚ್ಚಿದರು.